ಐದು ಐವತ್ತು ಅಂದರೆ ಐದೂವರೆ ಅಲ್ಲ

ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ರಜೆ. ಮಲ್ಪೆ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಬ್ಯಾಟರಿಗಳು ನನ್ನ ಅಂಗಡಿಯಲ್ಲಿ ಸಾಲಾಗಿ ಕೂತಿರುತ್ತವೆ. ಮೊದಲು ಫುಲ್ ಚಾರ್ಜ್ ಮಾಡುತ್ತೇನೆ. ಆಮೇಲೆ 10 ಆಂಪಿಯರ್ ಲೋಡ್ ಕೊಟ್ಟು, 10.5 ವೋಲ್ಟಿಗೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ ನೋಡುತ್ತೇನೆ. ಮೊದಲೆಲ್ಲ ಬಲ್ಬ್ ಕಟ್ಟುತ್ತಿದ್ದೆ. ವೋಲ್ಟೇಜ್ ಇಳಿದ ಹಾಗೆ ಬಲ್ಬಿನ ಕರೆಂಟೂ ಇಳಿದು ಲೆಕ್ಕ ಕೆಡುತ್ತಿತ್ತು, ಈಗ ಕರೆಂಟನ್ನು ಒಂದೇ ಸಮ ಹಿಡಿಯುವ ಲೋಡ್ ಇದೆ.

ಒಮ್ಮೆ 24 ವೋಲ್ಟ್ ಬೋಟಿನ ಜೋಡಿ ಬ್ಯಾಟರಿ ಬಂತು, ಎರಡೂ 12 ವೋಲ್ಟ್, 100 ಎಎಚ್ (ಆಂಪಿಯರ್ ಅವರ್, ಅಂದರೆ ಆಂಪಿಯರನ್ನು ಗಂಟೆಯಿಂದ ಗುಣಿಸಿದ್ದು), ಒಟ್ಟಿಗೇ ತಂದ ಹಳೆಯವು. ಒಂದು 5 ಗಂಟೆ 50 ನಿಮಿಷ ಬಂತು, ಇನ್ನೊಂದು 6 ಗಂಟೆ 5 ನಿಮಿಷ. ಕ್ಯಾಲ್ಕುಲೇಟರಿನಲ್ಲಿ 5.50 ಗುಣಿಸು 10, 55 ಎಎಚ್. 6.05 ಗುಣಿಸು 10, 60.5. ಐದೂವರೆ ಎಎಚ್ ಕಮ್ಮಿ, ಒಂದು ಬದಲಿಸಿ ಅಂತ ಹೇಳಿಯೂ ಬಿಟ್ಟೆ. ಬೋಟಿನವರು ಚೀಟಿ ನೋಡಿ, "ಕಾಲು ಗಂಟೆಗೆ ಇಷ್ಟು ಫರಕಾ ಮಾರಾಯ್ರೆ?" ಅಂದರು. ನನ್ನ ಮುಖ ನೋಡಬೇಕಿತ್ತು. 10 ಆಂಪಿಯರಿಗೆ ಕಾಲು ಗಂಟೆ ಅಂದರೆ ಎರಡೂವರೆ ಎಎಚ್ ಅಷ್ಟೇ ಅಲ್ವಾ! ನಿಮಿಷವನ್ನು ದಶಾಂಶದ ಹಾಗೆ ಒತ್ತಿದ್ದೆ. 50 ನಿಮಿಷ ಅಂದರೆ 0.83 ಗಂಟೆ, 0.50 ಅಲ್ಲ.

ಅವತ್ತಿನಿಂದ ನಾನು ಎಲ್ಲವನ್ನೂ ಸೆಕೆಂಡಿಗೆ ತಂದು ಕೂಲಂಬಿನಲ್ಲೇ ಬರೆಯುತ್ತೇನೆ. ಒಂದು ಆಂಪಿಯರ್ ಒಂದು ಸೆಕೆಂಡ್ ಹರಿದರೆ ಒಂದು ಕೂಲಂಬ್, ಗಂಟೆಗೆ 3600 ಸೆಕೆಂಡ್, ಹಾಗಾಗಿ 1 ಎಎಚ್ ಅಂದರೆ 3600 ಕೂಲಂಬ್. 5 ಗಂಟೆ 50 ನಿಮಿಷ ಅಂದರೆ 21,000 ಸೆಕೆಂಡ್, 10 ಆಂಪಿಯರಿಗೆ 2,10,000 ಕೂಲಂಬ್. ಇನ್ನೊಂದು 2,19,000. ಕೊನೆಗೆ 3600ರಿಂದ ಭಾಗಿಸಿದರೆ 58.3 ಮತ್ತು 60.8 ಎಎಚ್. ಬ್ಯಾಟರಿ ಮೇಲಿನ 100 ಎಲ್ಲಿ ಹೋಯಿತು ಅಂತ ಕೇಳಬೇಡಿ. ಅದು ಹೊಸತಿರುವಾಗ, 5 ಆಂಪಿಯರಿನಲ್ಲಿ 20 ಗಂಟೆ ನಿಧಾನ ಎಳೆದಾಗಿನ ಲೆಕ್ಕ. ಬೇಗ ಎಳೆದರೆ ಕಮ್ಮಿಯೇ ಬರುವುದು.

ಪಿಯುಸಿ ಮಗಳ ಪುಸ್ತಕದಲ್ಲಿ ಮಾತ್ರ ಬರೇ ಮೈಕ್ರೋಕೂಲಂಬ್, ಕೂಲಂಬಿನ ಹತ್ತು ಲಕ್ಷದಲ್ಲೊಂದು ಪಾಲು. 1 ಎಂಎಎಚ್ (ಎಎಚ್ ಲೆಕ್ಕದ ಸಾವಿರದಲ್ಲೊಂದು ಪಾಲು) ಅಂದರೆ 3.6 ಕೂಲಂಬ್, ಅಂದರೆ 36 ಲಕ್ಷ ಮೈಕ್ರೋಕೂಲಂಬ್ ಅಂತ ಹೇಳಿದೆ, ನಂಬಲಿಲ್ಲ, ತಾನೇ ಲೆಕ್ಕ ಹಾಕಿ ನೋಡಿದಳು.

ಅದೇ ಬೋಟಿನವರು ಮರುವರ್ಷ ಹೊಸ ಜೋಡಿಗೆ ಬಂದಾಗ ಇನ್ನೊಂದು ತಕರಾರು ತಂದರು. "ಮಗನ ಪವರ್ ಬ್ಯಾಂಕಿನಲ್ಲಿ 20000 ಉಂಟು, ಇದರಲ್ಲಿ ಬರೇ 100. ಇದಕ್ಕೆಂತ ಇಷ್ಟು ರೇಟು?" ಅದು ಎಂಎಎಚ್, ಸಾವಿರದಿಂದ ಭಾಗಿಸಿದರೆ 20 ಎಎಚ್, 72,000 ಕೂಲಂಬ್. ಇದು 3,60,000. ಐದು ಪಟ್ಟು ಅಂದೆ. ಅಷ್ಟಕ್ಕೇ ಬಿಟ್ಟರೆ ಮೋಸವಾಗುತ್ತದೆ, ಯಾಕೆಂದರೆ ಪವರ್ ಬ್ಯಾಂಕಿನ ಆ ಲೆಕ್ಕ ಒಳಗಿನ ಸೆಲ್ಲಿನದು, 3.7 ವೋಲ್ಟಿನದು. ವೋಲ್ಟಿನಿಂದ ಗುಣಿಸಿದರೆ ಅದು 74 ವ್ಯಾಟ್ ಅವರ್, ಇದು 12 ವೋಲ್ಟಿಗೆ 1200. ಹದಿನಾರು ಪಟ್ಟು. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತು, "ಆಗಲಿ, ಎರಡು ಹಾಕಿ" ಅಂದರು.