ಕಂಪೈಲ್‌ಗೆ ಕೂರುವ ಮುನ್ನ ರ‍್ಯಾಮ್ ಎಣಿಸಿ

ಲಿನಕ್ಸ್‌ನಲ್ಲಿ ದೊಡ್ಡದೊಂದು ಪ್ಯಾಕೇಜ್ ಕಂಪೈಲ್ ಆಗುತ್ತಿರುತ್ತದೆ, ಅಂದರೆ ಅದರ ಸೋರ್ಸ್ ಕೋಡ್ ಓಡಬಲ್ಲ ಪ್ರೋಗ್ರಾಂ ಆಗುತ್ತಿರುತ್ತದೆ. ಮೌಸ್ ತಡವರಿಸತೊಡಗುತ್ತದೆ. ಒತ್ತಿದ ಅಕ್ಷರ ಎಷ್ಟೋ ಹೊತ್ತಿನ ಮೇಲೆ ಮೂಡುತ್ತದೆ. ಕೊನೆಗೆ ಪರದೆಯ ಮೇಲೆ 'ಕಿಲ್ಡ್' ಅಂತ ಬಂದು ಎಲ್ಲ ನಿಂತುಹೋಗುತ್ತದೆ. ನನಗೆ ಹೀಗಾದಾಗ ಪ್ರೊಸೆಸರ್ ಸಾಲಲಿಲ್ಲ ಅಂದುಕೊಂಡಿದ್ದೆ. ಸಾಲದೆ ಹೋದದ್ದು ರ‍್ಯಾಮ್. ಅದು ಖಾಲಿಯಾದಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಜಾಸ್ತಿ ಮೆಮೊರಿ ಹಿಡಿದ ಪ್ರೋಗ್ರಾಂ ಒಂದನ್ನು ಕೊಂದು ಉಳಿದವನ್ನು ಉಳಿಸಿಕೊಳ್ಳುತ್ತದೆ. ಕಂಪೈಲ್ ಹೊತ್ತಿನಲ್ಲಿ ಆ ಸರದಿ ಹೆಚ್ಚಾಗಿ ಕಂಪೈಲರ್‌ದೇ.

ಮೊದಲು ಎರಡು ಕಮಾಂಡ್ ಓಡಿಸಿ. 'ಎನ್‌ಪ್ರಾಕ್' ಪ್ರೊಸೆಸರ್ ಥ್ರೆಡ್ (ಒಂದೇ ಹೊತ್ತಿಗೆ ಅದು ನಡೆಸಬಲ್ಲ ಕೆಲಸ) ಎಷ್ಟು ಅಂತ ಹೇಳುತ್ತದೆ, 'ಫ್ರೀ' ರ‍್ಯಾಮ್ ಎಷ್ಟಿದೆ ಅಂತ ತೋರಿಸುತ್ತದೆ. ಒಂದು ಜಾಬ್‌ಗೆ (ಒಟ್ಟೊಟ್ಟಿಗೆ ಓಡುವ ಕಂಪೈಲ್ ಕೆಲಸಗಳಲ್ಲಿ ಒಂದಕ್ಕೆ) 2 ಜಿಬಿ ಅಂತ ಲೆಕ್ಕ ಹಾಕಿ. ಪ್ಯಾಕೇಜ್‌ಗಳನ್ನು ಹೆಚ್ಚಾಗಿ ತಾವೇ ಕಂಪೈಲ್ ಮಾಡಿಕೊಳ್ಳುವ ಜೆಂಟೂ ಲಿನಕ್ಸ್ ಬಳಸುವವರು ಪಾಲಿಸುವ ಲೆಕ್ಕ ಇದೇ. 12 ಥ್ರೆಡ್ ಇದ್ದರೂ ರ‍್ಯಾಮ್ 8 ಜಿಬಿ ಇದ್ದರೆ 4 ಜಾಬ್ ಸಾಕು. ಬ್ರೌಸರ್ ತೆರೆದಿಟ್ಟಿದ್ದರೆ 3. ಸಿ ಭಾಷೆಯ ಚಿಕ್ಕ ಪ್ಯಾಕೇಜ್‌ಗೆ ಇಷ್ಟು ಬಿಗಿ ಬೇಕಿಲ್ಲ, ಸಿ ಪ್ಲಸ್ ಪ್ಲಸ್‌ನ ದೊಡ್ಡ ಪ್ಯಾಕೇಜ್‌ಗೆ ಬೇಕೇ ಬೇಕು.

ಆಮೇಲೆ ಕಂಪೈಲ್ ನಡೆಸುವ ಮೇಕ್‌ಗೆ 4 ಜಾಬ್ ಅಂತ ಹೇಳಲು 'ಮೇಕ್ -ಜೆ4' ಅಂತ ಕೊಡಿ. ಅಂಕಿಯನ್ನು ಮಾತ್ರ ಮರೆಯಬೇಡಿ. ಬರೀ '-ಜೆ' ಕೊಟ್ಟರೆ ಜಾಬ್‌ಗಳಿಗೆ ಮಿತಿಯೇ ಇರುವುದಿಲ್ಲ. ಮೇಕ್ ಬದಲು ನಿಂಜಾ ಬಳಸುವವರೂ ಅಂಕಿ ಕೊಡಿ. ಸುಮ್ನೆ ಬಿಟ್ಟರೆ ಅದು ಥ್ರೆಡ್‌ಗಳ ಲೆಕ್ಕದಲ್ಲೇ ಹೋಗುತ್ತದೆ, ರ‍್ಯಾಮ್ ನೋಡುವುದಿಲ್ಲ.

ಇನ್ನು ಲೋಡ್. 'ಅಪ್‌ಟೈಮ್' ಕೊಟ್ಟರೆ ಕೊನೆಯಲ್ಲಿ ಮೂರು ಅಂಕಿ ಕಾಣುತ್ತವೆ: 1, 5, 15 ನಿಮಿಷಗಳ ಸರಾಸರಿ. ಓಡುತ್ತಿರುವ, ಸರದಿಗೆ ಕಾಯುತ್ತಿರುವ ಕೆಲಸಗಳ ಲೆಕ್ಕ ಇದು. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತಿರುವವೂ ಇದರಲ್ಲಿ ಸೇರುತ್ತವೆ. '-ಎಲ್12' ಅಂತ ಕೊಟ್ಟರೆ ಲೋಡ್ 12 ಮುಟ್ಟಿದ ಮೇಲೆ ಮೇಕ್ ಹೊಸ ಜಾಬ್ ಶುರು ಮಾಡದೆ ಕಾಯುತ್ತದೆ. ಓಡುತ್ತಿರುವುದನ್ನು ನಿಲ್ಲಿಸುವುದಿಲ್ಲ. ರ‍್ಯಾಮ್ ಕಡೆಗಂತೂ ಇದರ ಗಮನವೇ ಇಲ್ಲ. ಹಾಗಾಗಿ '-ಎಲ್' ಒಂದನ್ನೇ ನಂಬಬೇಡಿ, '-ಜೆ' ಜೊತೆಗಿರಲಿ.

ಜೆಂಟೂನಲ್ಲಿ ಎಡವುವುದು ಗುಣಾಕಾರದಲ್ಲಿ. 'ಮೇಕ್‌ಆಪ್ಟ್ಸ್'ನಲ್ಲಿ (ಮೇಕ್‌ಗೆ ಹೋಗುವ ಆಯ್ಕೆಗಳ ಸೆಟ್ಟಿಂಗ್) '-ಜೆ8' ಇಟ್ಟು, ಪ್ಯಾಕೇಜ್ ಹಾಕುವ ಕಮಾಂಡ್ ಆದ 'ಇಮರ್ಜ್'ಗೆ '--ಜಾಬ್ಸ್=4' ಕೊಟ್ಟರೆ ಒಟ್ಟು 32 ಜಾಬ್ ಆಗಬಹುದು, ಅಲ್ವಾ? ನಾನು ಎರಡೇ ಪ್ಯಾಕೇಜ್ ಜೊತೆಗೆ ಓಡಿಸಿ, '--ಲೋಡ್-ಆವರೇಜ್' ಮಿತಿಯನ್ನೂ ಹಾಕುತ್ತೇನೆ. ಒಂದರ ಕಾನ್ಫಿಗರ್ ಹಂತ (ಕಂಪೈಲ್‌ಗೆ ಮುಂಚಿನ ತಯಾರಿ) ಒಂದೇ ಥ್ರೆಡ್‌ನಲ್ಲಿ ತೆವಳುವಾಗ ಇನ್ನೊಂದು ಕಂಪೈಲ್ ಆಗುತ್ತಿರುತ್ತದೆ.

ಜೊತೆಜೊತೆಗೆ ಬೇರೆ ಕೆಲಸವನ್ನೂ ಮಾಡಬೇಕೇ? ಕಮಾಂಡ್ ಶುರುವಿನಲ್ಲೇ 'ನೈಸ್ -ಎನ್ 19' ಸೇರಿಸಿ. ಪ್ರೊಸೆಸರ್ ಮೊದಲು ನಿಮ್ಮ ಕೆಲಸ ನೋಡುತ್ತದೆ.

ಇಷ್ಟಾದರೂ ಕಂಪೈಲ್ ಆದ ಫೈಲ್‌ಗಳನ್ನು ಒಂದಾಗಿ ಜೋಡಿಸುವ, ಅಂದರೆ ಲಿಂಕ್ ಮಾಡುವ ಹಂತದಲ್ಲಿ 'ಕಿಲ್ಡ್' ಬರಬಹುದು. ಅಲ್ಲಿ ಒಂದೇ ಜಾಬ್ ಹಲವು ಜಿಬಿ ನುಂಗುವುದುಂಟು. ಆಗ ಕಂಪೈಲ್ ಆದದ್ದನ್ನೆಲ್ಲ ಅಳಿಸುವ 'ಮೇಕ್ ಕ್ಲೀನ್' ಮಾಡಲು ಹೋಗಬೇಡಿ. ಅದೇ ಫೋಲ್ಡರ್‌ನಲ್ಲಿ 'ಮೇಕ್ -ಜೆ1' ಕೊಡಿ. ಆಗಲೇ ಕಂಪೈಲ್ ಆದ ಫೈಲ್‌ಗಳನ್ನು ಬಿಟ್ಟು, ನಿಂತಲ್ಲಿಂದ ಮುಂದುವರಿಯುತ್ತದೆ.