ಮೂರು ಮಳೆಗಾಲ ತಡೆದ ಅಲ್ಯೂಮಿನಿಯಂ ಹಳಿ

ಕಳೆದ ಆಷಾಢದಲ್ಲಿ ನಮ್ಮ ಸಾಗರದ ಕಡೆ ಐದು ದಿನ ಬಿಡದೆ ಮಳೆ ಹೊಯ್ಯಿತು. ಆರನೆಯ ದಿನ ಬೆಳಿಗ್ಗೆ ತುಸು ಹೊಳವಾದಾಗ, ಅಂಗಳದಲ್ಲಿ ಹಾಸಿದ ನನ್ನ ಮಾದರಿ ರೈಲಿನ ಹಳಿಯ ಮೇಲೆ ಬಿದ್ದಿದ್ದ ಎಲೆಗಳನ್ನು ಗುಡಿಸಿ, ಎಂಜಿನ್ ಇಟ್ಟು, ಹಿಂದೆ ಎಂಟು ವ್ಯಾಗನ್ ಕಟ್ಟಿ ಬಿಟ್ಟೆ. ಹಳಿಯನ್ನು ಒರೆಸಲಿಲ್ಲ, ಉಜ್ಜಲಿಲ್ಲ. ಸುಮಾರು 38 ಮೀಟರಿನ ಸುತ್ತನ್ನು ಒಂದೂವರೆ ನಿಮಿಷಕ್ಕೊಂದರಂತೆ ಮುಗಿಸುತ್ತ, ಬಾವಿಕಟ್ಟೆಯ ಪಕ್ಕದ ಏರನ್ನು ಹತ್ತುತ್ತ, ಎರಡು ಗಂಟೆಗೂ ಹೆಚ್ಚು ಕಾಲ ಓಡಿತು. ಒಂದೇ ಒಂದು ಗಾಲಿಯೂ ಹಳಿ ತಪ್ಪಲಿಲ್ಲ. ಅಲ್ಯೂಮಿನಿಯಂ ಪಟ್ಟಿಯ ಹಳಿ, ಬ್ಯಾಟರಿಯ ಎಂಜಿನ್ ಎಂದಾಗ "ಅದು ಆಟಿಕೆಯಾದೀತು, ಮಾದರಿಯಾಗದು" ಎಂದ ಗೆಳೆಯರು ನನಗೆ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಇದ್ದಾರೆ. ಅವರಲ್ಲಿ ಇಬ್ಬರು ಈಗ ಅಳತೆ ಕೇಳುತ್ತಿದ್ದಾರೆ. ಅವರಿಗೂ, 45 ಮಿಲಿಮೀಟರ್ ಗೇಜಿನ (ಎರಡು ಹಳಿಗಳ ನಡುವಿನ ಅಂತರದ) ಹಳಿಯಲ್ಲಿ ಕೈ ಸುಟ್ಟುಕೊಂಡ ಉಳಿದವರಿಗೂ ಇದನ್ನು ಬರೆಯುತ್ತಿದ್ದೇನೆ.

ಈ ಗೀಳು ಹತ್ತಿದ್ದು ಜರ್ಮನಿಯಲ್ಲಿರುವ ಚಿಕ್ಕಪ್ಪನ ಮಗ ತಂದುಕೊಟ್ಟ, ಎಲ್‌ಜಿಬಿ ಎಂಬ ಜರ್ಮನ್ ಮಾದರಿ ರೈಲಿನ ಒಂದು ಸೆಟ್ಟಿನಿಂದ. ಚಿಕ್ಕ ಎಂಜಿನ್, ಎರಡು ವ್ಯಾಗನ್, 60 ಸೆಂಟಿಮೀಟರ್ ತ್ರಿಜ್ಯದ ಹಿತ್ತಾಳೆ ಹಳಿಯ ಒಂದು ಸುತ್ತು. ನ್ಯೂರೆಂಬರ್ಗ್‌ನವರು 1968ರಲ್ಲಿ ಈ ಅಳತೆಯಲ್ಲಿ ಮಾಡಲು ಶುರುಮಾಡಿದ್ದು, ಕೆಲಸದಲ್ಲಿ ಕೊರತೆ ಹೇಳುವಂತಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕ. 1:22.5 ಪ್ರಮಾಣದಲ್ಲಿ, ಅಂದರೆ ನಿಜವಾದುದರ 22.5ರಲ್ಲಿ ಒಂದು ಪಾಲಿನಲ್ಲಿ, 45 ಮಿ.ಮೀ. ಎಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಮೀಟರ್. ಅವರು ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಗೆಂದು, ಜರ್ಮನಿಯ ಹಾರ್ಜ್ ಬೆಟ್ಟದ ರೈಲಿಗೆಂದು ಬಳಸುವ ಅದೇ ಹಳಿ ನಮ್ಮ ಹಿಂದಿನ ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜಿಗೆ ಕೂದಲೆಳೆಯಷ್ಟೂ ತಿದ್ದುಪಡಿ ಇಲ್ಲದೆ ಒಪ್ಪುತ್ತದೆ. ಎಚ್‌ಓ ಎಂಬ 1:87ರ ಚಿಕ್ಕ ಅಳತೆಯಲ್ಲಿ ನಮ್ಮ ಬ್ರಾಡ್ ಗೇಜ್ ಮಾಡುವವರು ಕಿರಿದಾದ ಹಳಿಯ ಮೇಲೆ ಅಗಲದ ಗಾಡಿ ಕೂರಿಸಿ ಸಮಾಧಾನ ಮಾಡಿಕೊಳ್ಳಬೇಕು. ನಮಗೆ ಆ ರಾಜಿ ಬೇಡ.

ಮೊದಲ ಮಳೆಗಾಲ ಆ ಹಿತ್ತಾಳೆ ಹಳಿಯನ್ನೇ ಅಂಗಳಕ್ಕೆ ತಂದೆ. ಹದಿನೈದು ದಿನದಲ್ಲಿ ಕಪ್ಪಾಯಿತು. ಬೆಳಿಗ್ಗೆ ಅರ್ಧ ಗಂಟೆ ಉಜ್ಜಿದರೆ ಹತ್ತು ನಿಮಿಷ ಓಡುತ್ತಿತ್ತು, ಆಮೇಲೆ ಎಂಜಿನ್ ತಡವರಿಸಿ ನಿಲ್ಲುತ್ತಿತ್ತು. ಹಳಿಯಿಂದಲೇ ಕರೆಂಟು ತೆಗೆದುಕೊಳ್ಳುವ ಪದ್ಧತಿ ಮಲೆನಾಡಿಗೆ ಹೇಳಿ ಮಾಡಿಸಿದ್ದಲ್ಲ ಎಂದು ಅಲ್ಲಿಗೆ ತೀರ್ಮಾನವಾಯಿತು. ಹಣದ ಮಾತೂ ಇತ್ತು. 30 ಸೆಂಟಿಮೀಟರಿನ ಒಂದು ತುಂಡು ಹಳಿಗೆ ಆಗ ಆರು–ಏಳು ನೂರು ರೂಪಾಯಿ ಬೀಳುತ್ತಿತ್ತು. 38 ಮೀಟರಿಗೆ ಎಂಬತ್ತು ಸಾವಿರ, ಸುಂಕ ಬೇರೆ. ಅಡಿಕೆಯ ಆದಾಯದಲ್ಲಿ ಅದನ್ನು ಮನೆಯಲ್ಲಿ ಬಾಯಿ ಬಿಟ್ಟು ಕೇಳಲಾಗದು.

ಬ್ಯಾಟರಿ ಎಂಜಿನ್ನಿನೊಳಗೇ ಇದ್ದು, ಕರೆಂಟು ಹಳಿಯಲ್ಲಿ ಹರಿಯಬೇಕಿಲ್ಲವೆಂದ ಮೇಲೆ ಹಳಿ ಹಿತ್ತಾಳೆಯೇ ಏಕಾಗಬೇಕು? ಕಿಟಕಿ ಮಾಡುವವರ ಅಂಗಡಿಯಲ್ಲಿ ಸಿಗುವ 12×3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ತಂದೆ. ಹನ್ನೆರಡು ಅಡಿಯ ಉದ್ದ, ಇಪ್ಪತ್ತೆರಡು ಪಟ್ಟಿ. ಕಿಲೋ ಲೆಕ್ಕದಲ್ಲಿ ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಪಟ್ಟಿಯನ್ನು ನಿಲ್ಲಿಸಿ ಹಿಡಿಯುವ ಸ್ಲೀಪರ್‌ಗಾಗಿ ಮಾತ್ರ ಒಂದು ವರ್ಷ ಕಳೆಯಿತು.

ಮೊದಲು ಅಡಿಕೆ ದಬ್ಬೆ. ಮನೆಯಲ್ಲಿ ರಾಶಿ ಬಿದ್ದಿರುತ್ತದೆ, ಗಟ್ಟಿಯೂ ಹೌದು, ಬಣ್ಣ ಹಳೆಯ ಮರದ ಸ್ಲೀಪರ್‌ನದೇ. ಒಂಬೈನೂರು ಚಿಲ್ಲರೆ ತುಂಡು ಕೊಯ್ದು, ಒಂದೊಂದಕ್ಕೂ ಕೈಗರಗಸದಲ್ಲಿ ಎರಡು ಸೀಳು ಹಾಕಿದೆ. ಕಣ್ಣಿಗೆ ಹಬ್ಬ. ಮುಂದಿನ ಜೂನ್ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಮೆತ್ತಗಾಗಿತ್ತು, ಉಳಿದದ್ದಕ್ಕೆ ಒರಲೆ ಹತ್ತಿತ್ತು. ಗೇರು ಎಣ್ಣೆ ಬಳಿದವು ಮಾತ್ರ ಇನ್ನೊಂದು ವರ್ಷ ಬಾಳಿದವು. ಬೇರೆ ತೊಡಕೂ ಇತ್ತು: ಕೈಯಲ್ಲಿ ಹಾಕಿದ ಸೀಳು ಒಂದರಂತೆ ಒಂದಿರುವುದಿಲ್ಲ. ಒಂದೆಡೆ 44, ಇನ್ನೊಂದೆಡೆ 47. ಗಾಡಿ ಎಲ್ಲಿ ಬೀಳುತ್ತದೆಂದು ಹೇಳಲಾಗುತ್ತಿರಲಿಲ್ಲ.

ಪರಿಹಾರ ಹೊಳೆದದ್ದು ಅಡುಗೆಮನೆಯ ಕಪಾಟು ಮಾಡುವ ಬಡಗಿಯ ಶೆಡ್ಡಿನಲ್ಲಿ. ಅವರ ಬಳಿ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆಯ ತುಂಡುಗಳು ಗೋಣಿಗಟ್ಟಲೆ ಇದ್ದವು. ನೀರಿಗೆ ಉಬ್ಬದು, ಒರಲೆ ಮೂಸದು. ಸ್ಲೀಪರ್ ಕೊಯ್ದು ಸೀಳು ಹಾಕುವುದನ್ನು ಬಿಟ್ಟು, ಮೊದಲು ಇಡೀ ಹಲಗೆಗೆ ಉದ್ದಕ್ಕೂ ಎರಡು ಸೀಳು ಹಾಕಿಸಿದೆ, ಆಮೇಲೆ ಅದನ್ನು ಬ್ರೆಡ್ಡಿನಂತೆ ಅಡ್ಡ ಕೊಯ್ಯಿಸಿದೆ. ಹಲಗೆ 82 ಮಿ.ಮೀ. ಅಗಲ, ತುಂಡು 10 ಮಿ.ಮೀ. ದಪ್ಪ. ಒಂದು ಹಲಗೆಯಿಂದ ಬಂದ ಎಲ್ಲ ಸ್ಲೀಪರ್‌ಗಳಲ್ಲಿಯೂ ಗೇಜ್ ಒಂದೇ, ಅಳೆಯುವ ಗೋಜೇ ಇಲ್ಲ. ಎರಡು ಭಾನುವಾರದಲ್ಲಿ ಕೆಲಸ ಮುಗಿಯಿತು. ಬಡಗಿ ತೆಗೆದುಕೊಂಡದ್ದು ನಾನೂರು ರೂಪಾಯಿ. ಈ ಉಪಾಯವನ್ನು ಬೇರೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ, ನನ್ನದೆಂದು ಹೇಳಿಕೊಳ್ಳಲು ಹೆಮ್ಮೆಯಿದೆ. ತಿರುವಿನಲ್ಲಿ ಗೇಜನ್ನು ಒಂದಿಷ್ಟು ಅಗಲಿಸಬೇಕಲ್ಲ, ಅದನ್ನು ಇದೇ ಹಲಗೆಯಲ್ಲಿ ಹೇಗೆ ಸಾಧಿಸಿದೆ ಎನ್ನುವುದನ್ನು ಮಾತ್ರ ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಜನವರಿಯ ಚಳಿಯಲ್ಲಿ ಜಂಬಿಟ್ಟಿಗೆಯ ಮೇಲೆ ಜಲ್ಲಿಪುಡಿ ಹಾಸಿ ಹಳಿ ಕೂರಿಸಿದೆ. ಕೀಲುಗಳನ್ನು ಬಿಗಿಯಾಗಿ, ಸಂದಿಲ್ಲದಂತೆ ಜೋಡಿಸಿದ್ದೆ, ಚೆಂದ ಕಾಣಲೆಂದು. ಮಾರ್ಚ್ ಮಧ್ಯಾಹ್ನವೊಂದರಲ್ಲಿ ನೋಡುತ್ತೇನೆ, ತೆಂಗಿನ ಮರದ ಪಕ್ಕದ ನೇರ ಹಳಿ ಹಾವಿನಂತೆ ಡೊಂಕಾಗಿ, ಜಲ್ಲಿಯನ್ನು ಪಕ್ಕಕ್ಕೆ ದೂಡಿ ಮಲಗಿತ್ತು. ನಮ್ಮ ಕೇರಿಯಲ್ಲಿ ತಾಳಗುಪ್ಪ ದಾರಿಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಹಿರಿಯರೊಬ್ಬರಿದ್ದಾರೆ. ಕರೆದು ತೋರಿಸಿದೆ. ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ, ಕೆನ್ನೆಯನ್ನು ಹಳಿಗೆ ತಾಗುವಷ್ಟು ಬಗ್ಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. "ತಮ್ಮಾ, ಚಳಿಯಲ್ಲಿ ಹಾಕಿದೆಯಲ್ಲ, ಬೇಸಿಗೆಗೆ ಜಾಗ ಬಿಡಲಿಲ್ಲವೇ?" ಎಂದರು. ಕೂತು ಲೆಕ್ಕ ಹಾಕಿದೆ: ಹನ್ನೆರಡು ಅಡಿಯ ಅಲ್ಯೂಮಿನಿಯಂ ಪಟ್ಟಿ 40 ಡಿಗ್ರಿ ಕಾವು ಏರಿದರೆ ಮೂರು ಮಿಲಿಮೀಟರಿಗೂ ಮೇಲೆ ಬೆಳೆಯುತ್ತದೆ. ಈಗ ಪ್ರತಿ ಕೀಲಿನಲ್ಲಿಯೂ ಆ ಸಂದು ಇದೆ, ಎರಡು ಕಡೆ ಪಟ್ಟಿಯ ಚೂರು, ಉದ್ದ ತೂತಿನಲ್ಲಿ ಸಡಿಲ ಸ್ಕ್ರೂ. ಗಾಲಿ ದಾಟುವಾಗ ಟಕ್ ಟಕ್ ಎನ್ನುತ್ತದೆ. ಆ ಸದ್ದು ಕೇಳಿ ಹಿರಿಯರು ಜಗಲಿಯಲ್ಲಿ ಕೂತು ಎರಡು ಲೋಟ ಚಹಾ ಕುಡಿದರು, ಮಾತಾಡಲಿಲ್ಲ. ತಿರುವಿನಲ್ಲಿ ಹೊರಹಳಿಯನ್ನು ಎಷ್ಟು ಎತ್ತಬೇಕೆಂದು ಹೇಳಿಕೊಟ್ಟವರೂ ಅವರೇ.

ಗಾಲಿಯ ಕಥೆಗೆ ಬರುತ್ತೇನೆ. ಮೀಟರ್ ಗೇಜ್ ವ್ಯಾಗನ್ನಿನ ಗಾಲಿ 725 ಮಿ.ಮೀ., ನಮ್ಮ ಲೆಕ್ಕದಲ್ಲಿ 32. ಶಿವಮೊಗ್ಗದ ಲೇತ್ ಒಂದರಲ್ಲಿ 48 ಗಾಲಿ ಮಾಡಿಸಿದೆ, ಒಂದಕ್ಕೆ ಅರವತ್ತೈದು ರೂಪಾಯಿ. ಜೋಡಿಯ ಒಳಬದಿಗಳ ನಡುವಿನ ಅಂತರವನ್ನು ನಾನೇ ತಪ್ಪಾಗಿ ಬರೆದುಕೊಟ್ಟಿದ್ದೆ. ಗಾಲಿಗಳು ಹಳಿಗೆ ಬಿಗಿಯಾಗಿ ಕೂತು ತಿರುವು ಬಂದಾಗಲೆಲ್ಲ ಹತ್ತಿ ಬೀಳುತ್ತಿದ್ದವು. ಮೂರು ಸಾವಿರದ ಮೇಲೆ ನೀರಿಗೆ ಹಾಕಿದ ಹಾಗಾಯಿತು. ಒಳ ಅಂತರ 40 ಮಿ.ಮೀ. ಇಟ್ಟ ಮೇಲೆ ಆ ತೊಂದರೆ ಇಲ್ಲ. ನೈಲಾನ್ ಗಾಲಿಯನ್ನು ಯಾರಾದರೂ ಸಲಹೆ ಮಾಡಿದರೆ ಕೇಳಬೇಡಿ. ಹಗುರ, ಕೆಸರು ಹತ್ತಿಸಿಕೊಳ್ಳುತ್ತದೆ, ವ್ಯಾಗನ್ ತೇಲಿದಂತೆ ಓಡುತ್ತದೆ. ಕಬ್ಬಿಣವೇ ಇರಲಿ, ತುಕ್ಕು ಬಂದರೂ ಓಡಾಟದಲ್ಲಿ ಹೊಳಪಾಗುತ್ತದೆ.

ಮೊದಲು ಓಡಿದ್ದು ರೈಲ್ ಬಸ್. ಕಾಲೇಜಿಗೆ ಹೋಗುವಾಗ ನಾನು ಹತ್ತುತ್ತಿದ್ದ, ಬಸ್ಸಿನ ಮೈಯನ್ನು ಹಳಿಯ ಮೇಲೆ ಕೂರಿಸಿದಂತಿದ್ದ ಆ ಗಾಡಿಯನ್ನು ಮಾಡದೆ ಬೇರೆ ಯಾವುದನ್ನೂ ಮಾಡುವ ಮನಸ್ಸಿರಲಿಲ್ಲ. 2011ರಲ್ಲಿ ತಾಳಗುಪ್ಪಕ್ಕೆ ಬ್ರಾಡ್ ಗೇಜ್ ರೈಲು ಬಂದಿತು, ಊರಿಗೆ ಒಳ್ಳೆಯದೇ ಆಯಿತು. ಆದರೆ ಆ ಚಿಕ್ಕ ಹಳಿ ಹೋಯಿತು. ಮಾದರಿಯ ಚಾವಣಿಯನ್ನು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದ್ದೆ, ಎರಡು ಸಾವಿರದ ಇನ್ನೂರು. ಏಪ್ರಿಲ್ ಬಿಸಿಲಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ನಡು ಕುಸಿದು ತೊಟ್ಟಿಲಂತಾಗಿತ್ತು. ಅಂಗಳದ ಗಾಡಿಗೆ ಪಿಎಲ್‌ಎ ಕೂಡದು. ಈಗಿನ ಚಾವಣಿ 3 ಮಿ.ಮೀ. ಫೋಮ್ ಶೀಟ್, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಪಿವಿಸಿ ಪೈಪಿನ ಮೇಲೆ ಬಗ್ಗಿಸಿದ್ದು. ನಡುವೆ ಒಂದು ವ್ಯಾಗನ್ನಿಗೆ ಅಡಿಕೆ ಹಾಳೆಯ ಚಾವಣಿಯನ್ನೂ ಹೊದಿಸಿ ನೋಡಿದೆ. ಹಾಳೆಯ ಗೆರೆಗಳು ತಗಡಿನ ಏಣುಗಳಂತೆಯೇ ಕಾಣುತ್ತಿದ್ದವು. ಶ್ರಾವಣದಲ್ಲಿ ಬೂಸ್ಟು ಬಂದಿತು. ಒಳಗೆ ಗಾಜಿನ ಕಪಾಟಿನಲ್ಲಿಡುವ ಗಾಡಿಗೆ ಈಗಲೂ ಅದನ್ನೇ ಹೇಳುತ್ತೇನೆ.

ಎಂಟು ವ್ಯಾಗನ್ ಎಳೆಯುತ್ತಿರುವುದು ವೈಡಿಎಂ-4, ಮೀಟರ್ ಗೇಜಿನ ಡೀಸೆಲ್ ಎಂಜಿನ್ನಿನ ಮಾದರಿ, ಉದ್ದ 69 ಸೆಂಟಿಮೀಟರ್. ಪ್ರತಿ ಬೋಗಿಗೆ, ಅಂದರೆ ಎಂಜಿನ್ನಿನ ಕೆಳಗಿನ ಗಾಲಿಗಳ ಚೌಕಟ್ಟಿಗೆ, ಒಂದು 12 ವೋಲ್ಟ್ ಗೇರ್ ಮೋಟಾರ್, ನಿಮಿಷಕ್ಕೆ 200 ಸುತ್ತಿನದು. 43 ಮಿ.ಮೀ. ಗಾಲಿಗೆ ಅಷ್ಟು ಸುತ್ತು ಎಂದರೆ ನಿಜವಾದ ರೈಲಿನ ಲೆಕ್ಕದಲ್ಲಿ ಗಂಟೆಗೆ 36 ಕಿಲೋಮೀಟರ್, ನಮ್ಮ ಕಾಡಿನ ದಾರಿಗೆ ತಕ್ಕ ವೇಗ. 18650 ಎಂಬ ಲಿಥಿಯಂ ಸೆಲ್ ಆರು, ಆಟದ ಕಾರಿನ ರಿಮೋಟು, ವೇಗ ನಿಯಂತ್ರಣದ ಬೋರ್ಡು. ಮೊದಲ ಓಟದಲ್ಲಿ ಮೂರು ವ್ಯಾಗನ್ ಎಳೆಯುವಷ್ಟರಲ್ಲಿ ಬಾವಿಕಟ್ಟೆಯ 40ಕ್ಕೆ 1ರ ಏರಿನಲ್ಲಿ ಗಾಲಿ ಜಾರಿ ನಿಂತಲ್ಲೇ ತಿರುಗಿತು. "ಅಲ್ಯೂಮಿನಿಯಂ ಜಾರುತ್ತದೆ ಎಂದಿರಲಿಲ್ಲವೇ?" ಎಂದು ಗೆಳೆಯರು ಫೋನು ಮಾಡಿದರು. ಜಾರಿದ್ದಕ್ಕೆ ಹಳಿ ಕಾರಣವಾಗಿರಲಿಲ್ಲ. ನಿಜವಾದ ಎಂಜಿನ್ 72 ಟನ್, 22.5ರ ಘನದಿಂದ ಭಾಗಿಸಿದರೆ ಆರು ಕಿಲೋ ಚಿಲ್ಲರೆ ಬರುತ್ತದೆ. ನನ್ನದು ಎರಡೂಕಾಲು ಕಿಲೋ ಇತ್ತು. ಟೈರಿನ ಅಂಗಡಿಯಿಂದ ಚಕ್ರದ ತೂಕ ಸರಿಮಾಡುವ ಹಳೆಯ ಸೀಸದ ತುಂಡುಗಳನ್ನು ತಂದು, ಬೋಗಿಗಳ ನೇರ ಮೇಲೆ ತುಂಬಿ ಐದು ಕಿಲೋ ಮಾಡಿದೆ. ಅಂದಿನಿಂದ ಎಂಟು ವ್ಯಾಗನ್ ಸಲೀಸು.

ಬೋಗಿಯ ಪಕ್ಕದ ಚೌಕಟ್ಟುಗಳನ್ನು ನೋಡಿದವರೆಲ್ಲ ಎಲ್ಲಿಂದ ತರಿಸಿದಿರಿ ಎಂದು ಕೇಳುತ್ತಾರೆ. ತರಿಸಿದ್ದಲ್ಲ. ನಮ್ಮೂರಿನ ಗುಡಿಗಾರರೊಬ್ಬರಿಗೆ ಚಿತ್ರ ಕೊಟ್ಟೆ. ಶ್ರೀಗಂಧದಲ್ಲಿ ದೇವರ ಪ್ರಭಾವಳಿ ಕೆತ್ತುವ ಕೈ ಅದು. ಶಿವನೆ ಮರದ ತುಂಡಿನಲ್ಲಿ ಸ್ಪ್ರಿಂಗಿನ ಸುರುಳಿ, ಬ್ರೇಕಿನ ಸಲಾಕೆ, ನಟ್ಟಿನ ಆರು ಮೂಲೆ ಸಹಿತ ನಾಲ್ಕು ದಿನದಲ್ಲಿ ಕೆತ್ತಿ ಕೊಟ್ಟರು. ಒಂದೂವರೆ ಸಾವಿರ ಕೊಟ್ಟೆ, ಅದಕ್ಕೆ ಕಡಿಮೆಯೇ ಆಯಿತು. ಅದರ ಮೇಲೆ ಸಿಲಿಕೋನ್ ಅಚ್ಚು ತೆಗೆದು ರೆಸಿನ್ ಎರೆದೆ. ವ್ಯಾಗನ್ನಿನ ರಿವೆಟ್ಟುಗಳು ಸಿರಿಂಜಿನಿಂದ ಇಟ್ಟ ಫೆವಿಕಾಲ್ ಹನಿಗಳು. ಬರಿಯ ಫೆವಿಕಾಲ್ ಒಣಗಿದಾಗ ಚಪ್ಪಟೆಯಾಗುತ್ತದೆ, ಬೆರೆಸುವ ಇನ್ನೊಂದು ವಸ್ತುವಿದೆ. ಹುಡುಕಿಕೊಳ್ಳಿ, ಅಡುಗೆಮನೆಯಲ್ಲೇ ಇದೆ.

ಜರ್ಮನಿಯ ಗಾಡಿಗಳನ್ನು ನಾನು ಬಿಟ್ಟಿಲ್ಲ. ಮೀಟರ್ ಗೇಜಿನಲ್ಲಿ ಓಡಿದ್ದನ್ನು ಮಾತ್ರ ಕೊಳ್ಳಬೇಕೆಂಬ ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಮಾರಿದ ರೇಟಿಯನ್ ರೈಲ್ವೆಯ ಮುಚ್ಚಿದ ವ್ಯಾಗನ್ ಮೂರು ಸಾವಿರದ ಎಂಟುನೂರಕ್ಕೆ ಸಿಕ್ಕಿತು. ಅಂಥವು ಐದಿವೆ. ಅಲ್ಯೂಮಿನಿಯಂ ಹಳಿಯ ಮೇಲೆ ಅವೂ ಕೊಂಕಿಲ್ಲದೆ ಓಡುತ್ತವೆ.

ನೆನಪಿನಿಂದ ಲೆಕ್ಕ ಹೇಳುವುದಾದರೆ ಹಳಿಗೆ ಜಲ್ಲಿ, ಸ್ಕ್ರೂ ಸೇರಿ ಐದು ಸಾವಿರದ ಇನ್ನೂರು, ಎಂಜಿನ್ ಹನ್ನೊಂದು ಸಾವಿರ, ರೈಲ್ ಬಸ್ ನಾಲ್ಕೂವರೆ, ವ್ಯಾಗನ್ ಒಂದಕ್ಕೆ ಒಂಬೈನೂರರ ಆಸುಪಾಸು. ಕೆಟ್ಟು ಹೋದದ್ದು ಇನ್ನೊಂದು ಹದಿನಾಲ್ಕು ಸಾವಿರ. ಒಟ್ಟು ನಲವತ್ತೆರಡು ಸಾವಿರ ಇರಬಹುದು. ತಿರುವಿನ ತ್ರಿಜ್ಯ ಎರಡು ಮೀಟರಿಗಿಂತ ಕಡಿಮೆ ಮಾಡಬೇಡಿ, ಮುಂದೆ ಬೋಗಿ ಕೋಚ್ ಮಾಡಿದಾಗ 76 ಸೆಂಟಿಮೀಟರಿನ ಮೈ ಗೋಡೆಗೆ ಉಜ್ಜುತ್ತದೆ.

ಸದ್ಯ ಮೇಜಿನ ಮೇಲೆ ವೈಪಿ ಇದೆ, ಹಬೆ ಎಂಜಿನ್. ಅದರ ದೊಡ್ಡ ಗಾಲಿ 1372 ಮಿ.ಮೀ., ನಮಗೆ 61. ಆರೂ ಲೇತಿನಿಂದ ಬಂದಿವೆ, ಈ ಸಲ ಅಂತರವನ್ನು ಎರಡು ಬಾರಿ ನೋಡಿಯೇ ಬರೆದುಕೊಟ್ಟೆ. ಗಾಲಿಗಳನ್ನು ಜೋಡಿಸುವ ಕಡ್ಡಿಗಳ ಅಳತೆಗಾಗಿ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಟೇಪು ಹಿಡಿದು ಇನ್ನೊಮ್ಮೆ ಹೋಗಬೇಕು. ಅಡಿಕೆ ಕೊಯ್ಲು ಮುಗಿದ ಮೇಲೆ.