ಒಂಬತ್ತನೆಯ ತರಗತಿಯಲ್ಲಿದ್ದಾಗಲೇ ಪದವಿ ಗೊತ್ತು ಮಾಡಿಕೊಂಡೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎನ್ನುವುದು ಮುಂಡರಗಿ ಕಡೆಯ ನಮ್ಮ ಹಳ್ಳಿಗಳಲ್ಲಿ ರೂಢಿ. ಫಲಿತಾಂಶ ಬಂದದ್ದೇ ತಡ, ಗದಗಿಗೆ ಓಡಿ ಅರ್ಜಿ ತುಂಬುವ ಗಡಿಬಿಡಿ. ಸೋದರಮಾವ ಪಿಸಿಎಂಸಿ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಕಂಪ್ಯೂಟರ್ ವಿಜ್ಞಾನ) ಎಂದರೆ ಪಿಸಿಎಂಸಿ, ಗೆಳತಿ ವಾಣಿಜ್ಯ ಎಂದರೆ ವಾಣಿಜ್ಯ. ನಮ್ಮ ದೊಡ್ಡಪ್ಪನ ಮಗ ಹೀಗೆಯೇ ಪಿಸಿಎಂಸಿ ಸೇರಿದ್ದ. ಎರಡು ವರ್ಷದ ನಂತರ ಬಿಎಸ್ಸಿ ಕೃಷಿ ಓದಬೇಕೆಂದು ಹೊರಟಾಗ, ಜೀವವಿಜ್ಞಾನ ಓದಿಲ್ಲದ ಕಾರಣ ಅವನಿಗೆ ಅರ್ಹತೆಯೇ ಇಲ್ಲವೆಂದು ತಿಳಿಯಿತು. ಅವನ ಪೇಚಾಟ ನೋಡಿದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಮೊದಲು ಪದವಿ ಯಾವುದೆಂದು ನೋಡಿ, ಅಲ್ಲಿಂದ ಪಿಯುಸಿಗೆ ಇಳಿದು ಬರಬೇಕು ಎಂಬುದು ನನಗೆ ಹೊಳೆದದ್ದು ಆಗ.

ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎಡಕ್ಕೆ ಕೋರ್ಸ್, ಬಲಕ್ಕೆ ಅದಕ್ಕಾಗಿ ಪಿಯುಸಿಯಲ್ಲಿ ಓದಿರಲೇಬೇಕಾದ ವಿಷಯಗಳನ್ನು ಬರೆಯುತ್ತ ಹೋದೆ. ಬಂಧುಗಳ ಮಾತನ್ನು ಬರೆದುಕೊಳ್ಳಲಿಲ್ಲ. ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರಡಿಸುವ ಮಾಹಿತಿ ಪುಸ್ತಿಕೆಯನ್ನು ಮುಂದಿಟ್ಟುಕೊಂಡೆ. ದಪ್ಪ ಪುಸ್ತಿಕೆ, ಒಣ ಭಾಷೆ. ಆದರೆ ಅರ್ಹತೆಯ ಪುಟಗಳನ್ನಷ್ಟೇ ಓದಿದರೂ ಊರ ತುಂಬ ಓಡಾಡುವ ಅರ್ಧ ತಪ್ಪು ಮಾಹಿತಿ ಉದುರಿಹೋಗುತ್ತದೆ. ಬಿಎಸ್ಸಿ ಕೃಷಿಗೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ ನಾಲ್ಕೂ ಬೇಕು. ಪಶುವೈದ್ಯಕೀಯಕ್ಕೆ ಗಣಿತ ಬೇಡ, ಜೀವವಿಜ್ಞಾನ ಬೇಕು. ಎಂಜಿನಿಯರಿಂಗಿಗೆ ಭೌತವಿಜ್ಞಾನ ಮತ್ತು ಗಣಿತದ ಜೊತೆ ರಸಾಯನವಿಜ್ಞಾನವಿದ್ದರೆ ಸಾಕು. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದಲು ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿರಬೇಕಾಗಿಯೇ ಇಲ್ಲ! ಇದನ್ನು ಹೇಳಿದರೆ ನಮ್ಮ ಓಣಿಯಲ್ಲಿ ಇಂದಿಗೂ ನಂಬುವವರಿಲ್ಲ.

ಹಾಗಾಗಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ ನಾಲ್ಕೂ ಇರುವ ಪಿಸಿಎಂಬಿ ಎಂದು ನಿಶ್ಚಯಿಸಿದೆ. ಕೃಷಿ ಸಿಗದಿದ್ದರೆ ಎಂಜಿನಿಯರಿಂಗ್, ಪಶುವೈದ್ಯಕೀಯ ಎರಡಕ್ಕೂ ಅವಕಾಶ ಉಳಿಯುತ್ತಿತ್ತು. "ಡಾಕ್ಟರ್ ಆಗುತ್ತೀಯೇನವ್ವಾ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಆದರೆ ಪಿಸಿಎಂಬಿ ಭಾರವಾದ ಜೋಡಣೆ. ಗಣಿತ ಕಂಡರೆ ಆಗದವರು ಎಲ್ಲ ಬಾಗಿಲೂ ತೆರೆದಿರಲಿ ಎಂಬ ಒಂದೇ ಆಸೆಗೆ ಇದನ್ನು ಹೊರಬಾರದು. ವಕೀಲಿಕೆ ಓದುವ ಮನಸ್ಸಿದ್ದ ನನ್ನ ಗೆಳತಿ ನೇರವಾಗಿ ಕಲಾ ವಿಭಾಗಕ್ಕೆ ಹೋದಳು. ಐದು ವರ್ಷದ ಕಾನೂನು ಪದವಿಗೆ ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಕಾನೂನು ವಿಶ್ವವಿದ್ಯಾಲಯವಂತೂ ಹುಬ್ಬಳ್ಳಿಯ ನವನಗರದಲ್ಲೇ ಇದೆ.

ಕೋರ್ಸಿನ ಹೆಸರು ಇಷ್ಟವಾಗುವುದು ಬೇರೆ, ಅಲ್ಲಿ ಓದುವುದೇನೆಂದು ತಿಳಿಯುವುದು ಬೇರೆ. ಧಾರವಾಡದ ಕೃಷಿ ಮೇಳಕ್ಕೆ ಅಪ್ಪ ಬೀಜ ನೋಡಲು ಹೊರಟಾಗ ನಾನೂ ಹೋದೆ. ಮಳಿಗೆಗಳಲ್ಲಿ ನಿಂತಿದ್ದ ಕೃಷಿ ವಿದ್ಯಾರ್ಥಿಗಳನ್ನು ಹಿಡಿದು, ಮೊದಲ ವರ್ಷ ಏನು ಕಲಿಸುತ್ತಾರೆ, ಹೊಲದಲ್ಲಿ ಕೆಲಸ ಇರುತ್ತದೆಯೇ, ಮುಂದೆ ಏನಾಗಬಹುದು ಎಂದು ಕೇಳಿದೆ. ಮಣ್ಣು, ಕೀಟ, ತಳಿ ಅಭಿವೃದ್ಧಿ, ಕೃಷಿ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎಂದರು. ಗಣಿತ ಏಕೆ ಕೇಳುತ್ತಾರೆಂದು ಅಲ್ಲಿಯೇ ತಿಳಿಯಿತು. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆಯೆಂದೂ ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆಯೆಂದೂ ಹೇಳಿದವರು ಅವರೇ. ಅಂದಿನಿಂದ ಅಜ್ಜ ನನ್ನ ಗುರು. ಅಂಗೈಯಲ್ಲಿ ಕುಸುಬೆ, ಅಗಸೆ, ಗುರೆಳ್ಳು ಹಿಡಿದು ಹೆಸರು ಕೇಳುತ್ತಿದ್ದರು. ಕೂರಿಗೆ, ಕುಂಟೆ, ಎಡೆಕುಂಟೆಗಳ ಕೆಲಸವನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಯೇ ಹೇಳಿಸುತ್ತಿದ್ದರು.

ಪಿಯು ಕಾಲೇಜಿನ ವಿಷಯಕ್ಕೆ ಮನೆಯಲ್ಲಿ ಜಗ್ಗಾಟ ನಡೆಯಿತು. ಧಾರವಾಡದ ಒಂದು ಕಾಲೇಜಿನಲ್ಲಿ ವಿಚಾರಿಸಿದರೆ, ಜೀವವಿಜ್ಞಾನ ತೆಗೆದುಕೊಂಡವರೆಲ್ಲರೂ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ತರಬೇತಿ ಶುಲ್ಕವನ್ನೂ ಕಟ್ಟಲೇಬೇಕೆಂದರು. ನನಗೆ ನೀಟ್ ಬೇಕಿರಲಿಲ್ಲ. ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕವನ್ನೂ ಸರಿಸಮನಾಗಿ ಹಿಡಿಯುತ್ತಾರಾದ್ದರಿಂದ, ಪಠ್ಯವನ್ನು ನೆಟ್ಟಗೆ ಪಾಠ ಮಾಡುವ ಗದಗಿನ ಸರ್ಕಾರಿ ಕಾಲೇಜು ಸಾಕೆಂದು ಅಪ್ಪನನ್ನು ಒಪ್ಪಿಸಿದೆ. ದಿನವೂ ಬಸ್ಸಿನಲ್ಲಿ ಹೋಗಿಬರಬೇಕಾಯಿತು, ಅಷ್ಟೇ.

ನನಗೆ ನಿಜವಾದ ಹೆದರಿಕೆ ಇದ್ದದ್ದು ಇಂಗ್ಲಿಷಿನದು. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಒಮ್ಮೆಲೇ ಇಂಗ್ಲಿಷಿನಲ್ಲಿ ವಿಜ್ಞಾನ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಎರಡೂ ಮಾಧ್ಯಮಗಳಲ್ಲಿ ಒಂದೇ. ಅವೇ ಪಾಠ, ಅವೇ ಚಿತ್ರ. ಪರೀಕ್ಷೆ ಮುಗಿದ ರಜೆಯಲ್ಲಿ ಇಂಗ್ಲಿಷ್ ಪುಸ್ತಕವನ್ನು ಎರವಲು ತಂದು, ಕನ್ನಡದ್ದನ್ನು ಪಕ್ಕದಲ್ಲಿ ತೆರೆದಿಟ್ಟು ಓದಿದೆ. ಗೊತ್ತಿದ್ದ ಪಾಠವಾದ್ದರಿಂದ ವಾಕ್ಯಗಳು ತಾವಾಗಿಯೇ ಬಿಡಿಸಿಕೊಂಡವು.

ಶಾಲೆ ಬಿಡುವ ಮೊದಲೇ ಕಾಗದಪತ್ರಗಳನ್ನೂ ಜೋಡಿಸಿಕೊಂಡೆ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಆ ಪ್ರಮಾಣಪತ್ರಗಳಿಗೆ ಮುಖ್ಯಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ನಮ್ಮ ಮುಖ್ಯಶಿಕ್ಷಕರು ವರ್ಗವಾಗಿ ಹೋಗುವ ಮುಂಚೆಯೇ ಬರೆಸಿಕೊಂಡದ್ದು ಒಳ್ಳೆಯದಾಯಿತು. ಹೊಲದ ಉತಾರದ (ಪಹಣಿಯ) ಪ್ರತಿಯೂ ಅದೇ ಫೈಲಿನಲ್ಲಿತ್ತು.

ನನಗೆ ಹನುಮನಮಟ್ಟಿಯ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಈಗ ತಮ್ಮ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅವನಿಗೆ ಪುಸ್ತಕಕ್ಕಿಂತ ಪಂಪ್‌ಸೆಟ್ ಬಿಚ್ಚುವುದು ಇಷ್ಟ. ಅವನೊಂದಿಗೆ ಕೂತು ಹೊಸ ಹಾಳೆಯಲ್ಲಿ ಗೆರೆ ಎಳೆದಿದ್ದೇನೆ: ಐಟಿಐ, ಡಿಪ್ಲೊಮಾ. ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದೆಂದು ತೋರಿಸಿದ ಮೇಲೆ, ಪಿಯುಸಿಯೇ ಆಗಬೇಕೆಂದು ಹಟ ಹಿಡಿದಿದ್ದ ಅಪ್ಪ ಸ್ವಲ್ಪ ಮೆತ್ತಗಾಗಿದ್ದಾರೆ.